ದೆಹಲಿಗೆ ಬೆಂಗಳೂರಿಗಿಂತ ತಾಷ್ಕೆಂಟ್ ಹತ್ತಿರ. ಆದರೂ ವಿಮಾನ ನಿಂತಿದ್ದೇಕೆ?

ದೆಹಲಿಯಿಂದ ಬೆಂಗಳೂರಿಗೆ ನೇರ ವಾಯುದೂರ ಸುಮಾರು 1,710 ಕಿ.ಮೀ. ಅದೇ ದೆಹಲಿಯಿಂದ ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟಿಗೆ ಸುಮಾರು 1,580 ಕಿ.ಮೀ., ಕಜಕಸ್ತಾನದ ಅಲ್ಮಾಟಿಗೆ ಸುಮಾರು 1,650 ಕಿ.ಮೀ. ಎರಡೂ ವಿದೇಶಿ ನಗರಗಳು ನಮ್ಮ ರಾಜಧಾನಿಗೆ ಬೆಂಗಳೂರಿಗಿಂತ ಹತ್ತಿರದಲ್ಲಿವೆ. ಹೀಗಿದ್ದರೂ 2025ರ ಏಪ್ರಿಲ್ ಕೊನೆಯ ವಾರದಲ್ಲಿ ಇಂಡಿಗೊ ಸಂಸ್ಥೆ ಈ ಎರಡೂ ನಗರಗಳಿಗೆ ದೆಹಲಿಯಿಂದ ಹೋಗುತ್ತಿದ್ದ ವಿಮಾನಗಳನ್ನು ನಿಲ್ಲಿಸಿತು. ತನ್ನ ಬಳಿ ಇರುವ ವಿಮಾನಗಳ ಹಾರಾಟದ ವ್ಯಾಪ್ತಿಗೆ ಆ ಊರುಗಳು ಸಿಗುವುದಿಲ್ಲ ಎಂಬುದು ಅದು ಕೊಟ್ಟ ಕಾರಣ. ಬೆಂಗಳೂರಿಗೆ ದಿನಕ್ಕೆ ಹತ್ತಾರು ಬಾರಿ ಬಂದುಹೋಗುವ ವಿಮಾನಕ್ಕೆ ಅದಕ್ಕಿಂತ ಹತ್ತಿರದ ಊರು ಎಟಕುವುದಿಲ್ಲ ಎಂದರೆ ಏನರ್ಥ?

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಅವುಗಳ ನಡುವಿನ ದೂರವನ್ನೂ ಪ್ರಯಾಣದ ಅವಧಿಯನ್ನೂ ಕ್ಷಣದಲ್ಲಿ ಹೇಳುವ ಲೆಕ್ಕಾಚಾರದ ಸಾಧನಗಳು ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತವೆ. ದೂರವನ್ನು ವಿಮಾನದ ಸರಾಸರಿ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿ, ಉತ್ತರ ಕೊಡುವುದು ಅವುಗಳ ಸಾಮಾನ್ಯ ಕ್ರಮ. ಆ ಕಿಲೋಮೀಟರ್ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅಷ್ಟೇ ದೂರವನ್ನು ಹಾರಿ ಮುಗಿಸುವ ವಿಮಾನ ಇಲ್ಲವೆಂದೇ ಹೇಳಬೇಕು. ಟಿಕೆಟ್ಟಿನ ಮೇಲೆ ಕಾಣುವ ಗಂಟೆಗಳನ್ನು ನಿರ್ಧರಿಸುವುದು ಯಾವ ದೇಶದ ಆಕಾಶ ತೆರೆದಿದೆ, ಗಾಳಿ ಯಾವ ಕಡೆ ಬೀಸುತ್ತಿದೆ, ರನ್‌ವೇ ಮುಂದೆ ಎಷ್ಟು ವಿಮಾನಗಳು ಸಾಲುಗಟ್ಟಿವೆ ಮತ್ತು ವಿಮಾನ ಸಂಸ್ಥೆ ತನ್ನ ರಕ್ಷಣೆಗೆ ಎಷ್ಟು ನಿಮಿಷ ಸೇರಿಸಿಟ್ಟುಕೊಂಡಿದೆ ಎಂಬ ಸಂಗತಿಗಳು.

ಮೊದಲು ದೂರದ ಲೆಕ್ಕವನ್ನೇ ನೋಡೋಣ. ಭೂಮಿ ಗೋಳಾಕಾರದಲ್ಲಿರುವುದರಿಂದ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರ ಗೋಳದ ಮೈಮೇಲೆ ಬಾಗಿದ ಒಂದು ಕಮಾನು; ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ಸರಾಸರಿ 6,371 ಕಿ.ಮೀ. ತ್ರಿಜ್ಯವನ್ನು ಹಿಡಿದು, ಎರಡೂ ನಿಲ್ದಾಣಗಳ ಅಕ್ಷಾಂಶ–ರೇಖಾಂಶಗಳಿಂದ ಇದನ್ನು ಲೆಕ್ಕ ಹಾಕಬಹುದು. ಧ್ರುವಗಳಲ್ಲಿ ಭೂಮಿ ತುಸು ಚಪ್ಪಟೆಯಾಗಿರುವುದರಿಂದ ಬರುವ ವ್ಯತ್ಯಾಸ ಶೇ 0.5ರ ಆಚೀಚೆ, ಪ್ರಯಾಣಿಕನಿಗೆ ಅದು ಲೆಕ್ಕಕ್ಕಿಲ್ಲ. ಗೋಡೆಗೆ ತೂಗುಹಾಕಿದ ಭೂಪಟ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲಿಯೇ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವುದೆಂದರೆ ಅರಬ್ಬೀ ಸಮುದ್ರ, ಯುರೋಪು, ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಸಾಗಬೇಕು ಎಂದು ಭೂಪಟ ನೋಡಿದವರಿಗೆ ಅನ್ನಿಸುತ್ತದೆ. ಗ್ಲೋಬಿನ ಮೇಲೆ ದಾರ ಎಳೆದು ಬಿಗಿಹಿಡಿದರೆ ಅದು ಬೆಂಗಳೂರಿನಿಂದ ಉತ್ತರಕ್ಕೆ, ಪೂರ್ವದ ಕಡೆಗೆ ಕೇವಲ 20 ಡಿಗ್ರಿ ವಾಲಿಕೊಂಡು ಹೊರಡುತ್ತದೆ. ಉತ್ತರ ಪ್ರದೇಶದ ಪೂರ್ವಭಾಗ, ನೇಪಾಳ, ಟಿಬೆಟ್ ಹಾಯ್ದು, ಮಂಗೋಲಿಯಾದ ಪಶ್ಚಿಮ ಭಾಗದ ಮೇಲೆ ಸಾಗಿ, ಸೈಬೀರಿಯಾದ ಮೇಲೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ.

ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ತಡೆರಹಿತ ವಿಮಾನವನ್ನು ತಂದಿತು. ಆ ವಿಮಾನ ಈ ದಾರದ ದಾರಿಯಲ್ಲಿ ಬರಲಿಲ್ಲ. ಉತ್ತರ ಧ್ರುವದ ಸಮೀಪದಿಂದ ಹಾಯ್ದು ಸುಮಾರು 16,000 ಕಿ.ಮೀ. ಕ್ರಮಿಸಿತೆಂದು ಆಗ ವರದಿಯಾಗಿತ್ತು; ತೆಗೆದುಕೊಂಡ ಸಮಯ ಸುಮಾರು 17 ಗಂಟೆ. ಲೆಕ್ಕಕ್ಕೂ ಹಾರಾಟಕ್ಕೂ ನಡುವೆ ಎರಡು ಸಾವಿರ ಕಿಲೋಮೀಟರಿನ ಅಂತರ ಬಿದ್ದಿತು. ಇದು ಪೈಲಟ್‌ಗಳ ಇಷ್ಟಾನಿಷ್ಟದ ಪ್ರಶ್ನೆಯಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್, ಅಂದರೆ ಸುಮಾರು 15,000 ಅಡಿ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ ಇಳಿಯಬೇಕು, ಏಕೆಂದರೆ ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮಾಸ್ಕುಗಳಲ್ಲಿ ಆಮ್ಲಜನಕ ಸಾಮಾನ್ಯವಾಗಿ ಸಾಲುವುದು ಕಾಲು ಗಂಟೆಯ ಆಸುಪಾಸು ಮಾತ್ರ. ಕೆಳಗೆ ನೆಲವೇ 15,000 ಅಡಿಯಲ್ಲಿದ್ದರೆ ಇಳಿಯುವುದು ಎಲ್ಲಿಗೆ? ಆದ್ದರಿಂದ ಭಾರತದ ಉತ್ತರದ ಬಾಗಿಲು ಪ್ರಕೃತಿಯಿಂದಲೇ ಬಹುಮಟ್ಟಿಗೆ ಮುಚ್ಚಿದೆ.

ಉಳಿದದ್ದು ವಾಯುವ್ಯದ ಬಾಗಿಲು. ಅದು ರಾಜಕೀಯದಿಂದ ಮುಚ್ಚಿದೆ. 1944ರ ಶಿಕಾಗೊ ಒಪ್ಪಂದದ ಮೊದಲ ವಿಧಿಯ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಸಾರ್ವಭೌಮ ಹಕ್ಕಿದೆ. ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು; ಏಪ್ರಿಲ್ 30ರಂದು ಭಾರತವೂ ಅದೇ ಹೆಜ್ಜೆ ಇಟ್ಟಿತು. ಬಳಿಕ ಎರಡೂ ದೇಶಗಳು ತಿಂಗಳಿಗೊಮ್ಮೆ ನೋಟಾಮ್ ಎಂಬ ಸೂಚನೆ ಹೊರಡಿಸಿ ನಿರ್ಬಂಧವನ್ನು ಮುಂದುವರಿಸುತ್ತಾ ಹೋದವು. ದೆಹಲಿಯಿಂದ ತಾಷ್ಕೆಂಟಿಗೆ ನೇರ ದಾರಿ ಇರುವುದು ಪಾಕಿಸ್ತಾನದ ಮೇಲೆಯೇ. ಅದನ್ನು ಬಿಟ್ಟರೆ ವಿಮಾನ ಮೊದಲು ನೈರುತ್ಯಕ್ಕೆ ಗುಜರಾತಿನ ಕಡಲತೀರಕ್ಕೆ ಬಂದು, ಅರಬ್ಬೀ ಸಮುದ್ರದ ಮೇಲೆ ಸಾಗಿ, ಇರಾನ್ ಹೊಕ್ಕು, ತುರ್ಕ್‌ಮೆನಿಸ್ತಾನದ ಮೂಲಕ ಉತ್ತರಕ್ಕೆ ಏರಬೇಕು. ಭೂಪಟದ ಮೇಲೆ ಅಳೆದರೆ ಈ ಸುತ್ತು 4,000 ಕಿ.ಮೀ. ದಾಟುತ್ತದೆ; ನೇರ ದೂರದ ಎರಡೂವರೆ ಪಟ್ಟಿಗೂ ಹೆಚ್ಚು. ಅಷ್ಟು ದೂರಕ್ಕೆ ಇಂಧನ, ಅದರ ಮೇಲೆ ಕಡ್ಡಾಯದ ಮೀಸಲು ಇಂಧನ, ತಲುಪುವ ಊರಲ್ಲಿ ಹವೆ ಕೆಟ್ಟರೆ ಬೇರೊಂದು ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನ, ಇಷ್ಟನ್ನೂ ಹೊತ್ತು ತುಂಬಿದ ಪ್ರಯಾಣಿಕರೊಂದಿಗೆ ಹಾರುವುದು ಒಂದೇ ನಡುದಾರಿಯ ಸಣ್ಣ ವಿಮಾನಕ್ಕೆ ಕಷ್ಟ. ಹಾರಿದರೂ ಟಿಕೆಟ್ ದರದಲ್ಲಿ ಗಿಟ್ಟುವುದಿಲ್ಲ. ಇತರ ದೇಶಗಳ ವಿಮಾನ ಸಂಸ್ಥೆಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆದ್ದರಿಂದ ಅವೇ ಎರಡು ನಿಲ್ದಾಣಗಳ ನಡುವೆ, ವಿಮಾನದ ಬಾಲಕ್ಕೆ ಯಾವ ದೇಶದ ಬಣ್ಣ ಬಳಿದಿದೆ ಎಂಬುದರ ಮೇಲೆ, ಎರಡು ಬೇರೆ ಬೇರೆ ದೂರಗಳಿವೆ.

ಇದು ಹೊಸದೇನೂ ಅಲ್ಲ. ಬಾಲಾಕೋಟ್ ದಾಳಿಯ ಬೆನ್ನಲ್ಲೇ 2019ರ ಫೆಬ್ರುವರಿ 27ರಿಂದ ಜುಲೈ 16ರವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿತ್ತು. ಜುಲೈ ಆರಂಭದ ಹೊತ್ತಿಗೆ ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಸರ್ಕಾರವೇ ರಾಜ್ಯಸಭೆಗೆ ತಿಳಿಸಿತು. ಆಗಷ್ಟೇ ಶುರುವಾಗಿದ್ದ ಇಂಡಿಗೊದ ದೆಹಲಿ–ಇಸ್ತಾಂಬುಲ್ ವಿಮಾನ ದೋಹಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಹೋಗಬೇಕಾಯಿತು. 2025ರಲ್ಲಿ ಬಿಸಿ ಇನ್ನೂ ಹೆಚ್ಚು ತಟ್ಟಿತು. ಮುಚ್ಚುಗಡೆ ಒಂದು ವರ್ಷ ನಡೆದರೆ ಸುಮಾರು 60 ಕೋಟಿ ಡಾಲರ್ ಹೆಚ್ಚುವರಿ ಹೊರೆ ಬೀಳುತ್ತದೆಂದು ಏರ್ ಇಂಡಿಯಾ ಸರ್ಕಾರಕ್ಕೆ ಪತ್ರ ಬರೆದದ್ದು ವರದಿಯಾಯಿತು. ಅದರ ಉತ್ತರ ಅಮೆರಿಕದ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡವು. ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ಸೇವೆಯನ್ನೇ ನಿಲ್ಲಿಸಿದಾಗ ಸಂಸ್ಥೆ ಕೊಟ್ಟ ಎರಡು ಕಾರಣಗಳಲ್ಲಿ ವಿಮಾನಗಳ ನವೀಕರಣ ಒಂದಾದರೆ ಈ ಮುಚ್ಚುಗಡೆ ಇನ್ನೊಂದು.

ಬೆಂಗಳೂರಿನವರಿಗೆ ಇದರ ಪೆಟ್ಟು ದೆಹಲಿಯವರಷ್ಟು ಬಿದ್ದಿಲ್ಲ, ಅದಕ್ಕೆ ಕಾರಣ ಭೂಗೋಳ. ಬೆಂಗಳೂರಿನಿಂದ ದುಬೈಗೆ ಇರುವ ಸುಮಾರು 2,700 ಕಿ.ಮೀ. ದಾರಿಯಲ್ಲಿ ಪಾಕಿಸ್ತಾನದ ನೆಲ ಬರುವುದೇ ಇಲ್ಲ. ಲಂಡನ್ನಿಗೆ ಇರುವ ಸುಮಾರು 8,050 ಕಿ.ಮೀ. ನೇರ ರೇಖೆ ಸಿಂಧ್ ಮತ್ತು ಬಲೂಚಿಸ್ತಾನದ ಮೇಲೆ ಹಾಯುತ್ತದೆ ನಿಜ, ಆದರೆ ದಕ್ಷಿಣದಿಂದ ಹೊರಟ ವಿಮಾನ ಸ್ವಲ್ಪ ಎಡಕ್ಕೆ ಸರಿದು ಸಮುದ್ರದ ಮೇಲೆ ಹೋದರೆ ಹೆಚ್ಚಾಗುವುದು ಕೆಲವು ನೂರು ಕಿ.ಮೀ. ಮಾತ್ರ. ದೆಹಲಿಯ ವಿಮಾನವೋ ಹೊರಟ ಕೂಡಲೇ ಹಿಂದಕ್ಕೆ ತಿರುಗಿದಂತೆ ಗುಜರಾತಿನವರೆಗೆ ಬರಬೇಕು. ಇಷ್ಟಾದರೂ ದಕ್ಷಿಣದವರು ನಿಶ್ಚಿಂತರಾಗಿರುವಂತಿಲ್ಲ: 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಕದನ ನಡೆದಾಗ ಇರಾನ್ ಮತ್ತು ಇರಾಕ್ ಆಕಾಶಗಳೂ ಮುಚ್ಚಿ, ಜೂನ್ 23ರ ರಾತ್ರಿ ಕತಾರ್ ಕೂಡ ಕೆಲ ಗಂಟೆ ಬಾಗಿಲು ಹಾಕಿದಾಗ, ಕೊಲ್ಲಿಯ ಮೂಲಕ ಸಾಗುವ ನಮ್ಮ ಮಾಮೂಲಿ ದಾರಿ ಎಷ್ಟು ಕಿರಿದಾದ ಓಣಿ ಎಂಬುದು ಗೊತ್ತಾಯಿತು.

ಮನೆಯ ಆಕಾಶದಲ್ಲೂ ಸುತ್ತುಗಳಿವೆ. ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುವುದು ಭಾರತದ ವಾಯುಪ್ರದೇಶದ ಶೇ 60 ಮಾತ್ರ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2020ರ ಮೇ ತಿಂಗಳಲ್ಲಿ ಹೇಳಿದ್ದರು. ಸೇನೆಗೆ ಮೀಸಲಾದ ಭಾಗವನ್ನು ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿತಾಯವೆಂಬುದು ಆಗಿನ ಅಂದಾಜು. ಬೆಂಗಳೂರಿಗರಿಗೆ ಇದರ ಅನುಭವ ಎರಡು ವರ್ಷಕ್ಕೊಮ್ಮೆ ಆಗುತ್ತದೆ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ಫೆಬ್ರುವರಿಯಲ್ಲಿ ಕೆಂಪೇಗೌಡ ನಿಲ್ದಾಣದ ಮೇಲಿನ ಆಕಾಶ ಹಗಲಿನ ಕೆಲ ಗಂಟೆ ಮುಚ್ಚಿ, ವೇಳಾಪಟ್ಟಿ ಪೂರ್ತಿ ಏರುಪೇರಾಗುತ್ತದೆ.

ಇನ್ನು ಗಾಳಿಯ ವಿಷಯ. ಭೂಮಿಯಿಂದ ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ಜೆಟ್ ವಿಮಾನಗಳು ಹಾರುವ ಮಟ್ಟದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹಗಳು ಹರಿಯುತ್ತವೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಇವುಗಳ ವೇಗ ಗಂಟೆಗೆ 150–200 ಕಿ.ಮೀ. ಇರುವುದುಂಟು. ವಿಮಾನದ ವೇಗ ಅದರ ಸುತ್ತಲ ಗಾಳಿಗೆ ಹೋಲಿಸಿದ ವೇಗ. ಗಾಳಿಯೇ ಪೂರ್ವಕ್ಕೆ ಓಡುತ್ತಿದ್ದರೆ ಪೂರ್ವಕ್ಕೆ ಹೊರಟವರಿಗೆ ಅದು ಲಾಭ, ಪಶ್ಚಿಮಕ್ಕೆ ಹೊರಟವರಿಗೆ ಅದೇ ನಷ್ಟ. ದೆಹಲಿಯಿಂದ ಲಂಡನ್ನಿಗೆ ಹೋಗುವಾಗಿನ ಅವಧಿಗಿಂತ ಬರುವಾಗಿನ ಅವಧಿ ಕಡಿಮೆ ಇರುವುದು ಇದಕ್ಕೇ. 2020ರ ಫೆಬ್ರುವರಿಯಲ್ಲಿ ಕಿಯಾರಾ ಚಂಡಮಾರುತದ ವೇಳೆ ನ್ಯೂಯಾರ್ಕಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಗಾಳಿಯ ಒತ್ತಾಸೆಯಿಂದ 4 ಗಂಟೆ 56 ನಿಮಿಷದಲ್ಲೇ ಲಂಡನ್ ತಲುಪಿತ್ತು. ಮಾಮೂಲಿ ದಿನಗಳಲ್ಲಿ ಆ ಪಯಣಕ್ಕೆ ಆರು ಗಂಟೆಗೂ ಹೆಚ್ಚು ಬೇಕು.

ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಉದ್ದದ ದಾರಿಯೇ ಬೇಗ ಮುಗಿಯಬಹುದು. ಇದಕ್ಕೆ 2016ರ ಅಕ್ಟೋಬರ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಲ್ಲಿಯವರೆಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಹಾರಿತು. ಕ್ರಮಿಸಿದ್ದು ಸುಮಾರು 15,300 ಕಿ.ಮೀ., ಅಟ್ಲಾಂಟಿಕ್ ದಾರಿಗಿಂತ ಸುಮಾರು 1,400 ಕಿ.ಮೀ. ಹೆಚ್ಚು. ತೆಗೆದುಕೊಂಡ ಸಮಯ ಮಾತ್ರ ಹದಿನಾಲ್ಕೂವರೆ ಗಂಟೆ. ಹಳೆಯ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಕಡಿಮೆ. ಹಾರಾಟದ ಯೋಜನೆ ರೂಪಿಸುವ ಡಿಸ್ಪ್ಯಾಚರ್‌ಗಳು ಪ್ರತಿದಿನ ಮಾಡುವ ಕೆಲಸ ಇದೇ: ಆ ದಿನದ ಗಾಳಿಯ ಮುನ್ಸೂಚನೆ, ಮುಚ್ಚಿದ ಆಕಾಶಗಳು, ದಾರಿಯಲ್ಲಿ ಬರುವ ದೇಶಗಳಿಗೆ ಕಟ್ಟಬೇಕಾದ ಶುಲ್ಕ, ಇವನ್ನೆಲ್ಲ ಒಟ್ಟಿಗೆ ತೂಗಿ ದಾರಿಯನ್ನು ಆರಿಸುವುದು. ನಿನ್ನೆಯ ದಾರಿಯೇ ಇಂದಿನದೂ ಆಗಿರಬೇಕೆಂದಿಲ್ಲ. ರಷ್ಯಾದ ಆಕಾಶ 2022ರಲ್ಲಿ ಐರೋಪ್ಯ ಮತ್ತು ಅಮೆರಿಕದ ಸಂಸ್ಥೆಗಳಿಗೆ ಮುಚ್ಚಿದ ಮೇಲೆ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಪಯಣ ಹದಿಮೂರು ಗಂಟೆಗೆ ಹಿಗ್ಗಿತು. ಭಾರತದ ವಿಮಾನಗಳಿಗೆ ಆ ನಿರ್ಬಂಧವಿಲ್ಲದ್ದರಿಂದ ಏರ್ ಇಂಡಿಯಾಕ್ಕೆ ಅಮೆರಿಕದ ಸಂಸ್ಥೆಗಳ ಎದುರು ಒಂದು ಅನುಕೂಲ ಸಿಕ್ಕಿತ್ತು. ಅದಕ್ಕೂ ಬೆಲೆಯಿದೆ: 2023ರ ಜೂನ್‌ನಲ್ಲಿ ಎಂಜಿನ್ ತೊಂದರೆಯಿಂದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ರಷ್ಯಾದ ಪೂರ್ವತುದಿಯ ಮಗದಾನ್‌ನಲ್ಲಿ ಇಳಿದು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿಯೇ ಕಾಯಬೇಕಾಯಿತು.

ಹತ್ತಿರದ ಊರುಗಳಿಗೆ ಬಂದರೆ ಗಾಳಿಯೂ ರಾಜಕೀಯವೂ ಹಿಂದೆ ಸರಿದು ಬೇರೆ ಲೆಕ್ಕ ಶುರುವಾಗುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ವಾಯುದೂರ ಸುಮಾರು 305 ಕಿ.ಮೀ. ಗಂಟೆಗೆ 830 ಕಿ.ಮೀ. ವೇಗದ ವಿಮಾನಕ್ಕೆ ಇದು 22 ನಿಮಿಷದ ಹಾದಿ. ವೇಳಾಪಟ್ಟಿಯಲ್ಲಿ ಇರುವುದು ಒಂದು ಗಂಟೆಯ ಆಸುಪಾಸು. 35,000 ಅಡಿಯಲ್ಲಿ ಹಾರುವ ವಿಮಾನ ಇಳಿಯಲು ಶುರುಮಾಡುವುದೇ ನಿಲ್ದಾಣಕ್ಕೆ ಸುಮಾರು 200 ಕಿ.ಮೀ. ಇರುವಾಗ, ಅಷ್ಟೆತ್ತರಕ್ಕೆ ಏರಲು ಇಪ್ಪತ್ತು ನಿಮಿಷ ಬೇಕು. 305 ಕಿಲೋಮೀಟರಿನಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಜಾಗ ಕೊಟ್ಟರೆ ಸಮತಟ್ಟಾಗಿ ಹಾರಲು ಏನೂ ಉಳಿಯುವುದಿಲ್ಲ, ಆದ್ದರಿಂದ ವಿಮಾನ ಅಷ್ಟು ಎತ್ತರಕ್ಕೆ ಹೋಗುವುದೂ ಇಲ್ಲ, ಪೂರ್ಣ ವೇಗ ಹಿಡಿಯುವುದೂ ಇಲ್ಲ. ಗಂಟೆಗೆ 500 ಕಿ.ಮೀ. ಮೀರಿ ಹೆಚ್ಚೇನೂ ಹೋಗದ, ಪಂಖಗಳಿಂದ ಹಾರುವ ಸಣ್ಣ ಎಟಿಆರ್ ವಿಮಾನಕ್ಕೂ ಜೆಟ್ಟಿಗೂ ಇಂಥ ಹಾದಿಗಳಲ್ಲಿ ಆಗುವ ವ್ಯತ್ಯಾಸ ಹತ್ತು–ಹದಿನೈದು ನಿಮಿಷ. ದೂರ ಕಡಿಮೆಯಾದಷ್ಟೂ ಸರಾಸರಿ ವೇಗದ ಲೆಕ್ಕ ಸುಳ್ಳಾಗುತ್ತಾ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ವೇಳಾಪಟ್ಟಿಯಲ್ಲಿ ಮುದ್ರಿಸುವ ಅವಧಿ. ಇದನ್ನು ಈ ಉದ್ಯಮದವರು ಬ್ಲಾಕ್ ಟೈಮ್ ಎನ್ನುತ್ತಾರೆ: ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ತಲುಪಿದ ಊರಿನ ನಿಲುಗಡೆ ಜಾಗದಲ್ಲಿ ಚಕ್ರಗಳಿಗೆ ತಡೆ ಇಡುವವರೆಗಿನ ಸಮಯ. ಬೆಂಗಳೂರು–ದೆಹಲಿಯನ್ನೇ ಬಿಡಿಸಿ ನೋಡಬಹುದು. 1,710 ಕಿ.ಮೀ. ದೂರಕ್ಕೆ ಶುದ್ಧ ಹಾರಾಟ ಎರಡು ಗಂಟೆ ಐದು ನಿಮಿಷ. ಏರಿಳಿತದಲ್ಲಿ ವೇಗ ಕಡಿಮೆ ಇರುವುದರಿಂದ ಇನ್ನು ಹತ್ತು–ಹದಿನೈದು ನಿಮಿಷ. ಹೊರಡುವಾಗ ರನ್‌ವೇವರೆಗೆ ಉರುಳಿ ಸಾಲಿನಲ್ಲಿ ಕಾಯಲು ಹದಿನೈದು, ಇಳಿದ ಮೇಲೆ ನಿಲುಗಡೆಗೆ ಉರುಳಿಹೋಗಲು ಹತ್ತು. ಸುಮಾರು ಎರಡು ಗಂಟೆ ಮುಕ್ಕಾಲು. ಟಿಕೆಟ್ಟಿನಲ್ಲಿ ಎರಡು ಗಂಟೆ ಐವತ್ತು ನಿಮಿಷವೋ ಐವತ್ತೈದೋ ಇರುತ್ತದೆ. ಈ ಕೊನೆಯ ನಿಮಿಷಗಳು ಸಂಸ್ಥೆ ಇಟ್ಟುಕೊಂಡ ಹೊಂದಿಕೆ. ದೆಹಲಿಯ ವಿಮಾನ ದಟ್ಟಣೆ, ಜನವರಿಯ ಮಂಜು ಗೊತ್ತಿರುವವರು ಇದನ್ನು ತಪ್ಪೆನ್ನಲಾರರು. ಆದರೆ ವೇಳಾಪಟ್ಟಿಯ ಸಮಯದಿಂದ 15 ನಿಮಿಷದೊಳಗೆ ಇದ್ದರೆ ಅದನ್ನು ಸಕಾಲದ ಹಾರಾಟವೆಂದು ಲೆಕ್ಕ ಹಾಕುವ ಪದ್ಧತಿಯಿದೆ. ಅವಧಿಯನ್ನೇ ಹಿಗ್ಗಿಸಿಟ್ಟರೆ ತಡವಾಗಿ ಹೊರಟ ವಿಮಾನವೂ ಸರಿಯಾದ ಹೊತ್ತಿಗೆ ತಲುಪಿದ ಲೆಕ್ಕಕ್ಕೆ ಸೇರುತ್ತದೆ. ‘ನಿಗದಿಗಿಂತ ಇಪ್ಪತ್ತು ನಿಮಿಷ ಮೊದಲೇ ತಲುಪಿದ್ದೇವೆ’ ಎಂಬ ಹೆಮ್ಮೆಯ ಘೋಷಣೆ ಕೇಳಿದಾಗ ಆ ಇಪ್ಪತ್ತು ನಿಮಿಷ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ.

ಬ್ಲಾಕ್ ಟೈಮ್ ಪ್ರಯಾಣಿಕರ ಹಕ್ಕನ್ನೂ ಮುಟ್ಟುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ವಿಮಾನ ತಡವಾದಾಗ ಊಟ–ಉಪಾಹಾರ ಕೊಡಬೇಕಾದ ಹೊಣೆ ಶುರುವಾಗುವುದು ಈ ಅವಧಿಯನ್ನು ನೋಡಿ. ಎರಡೂವರೆ ಗಂಟೆಯವರೆಗಿನ ಹಾರಾಟವಾದರೆ ಎರಡು ಗಂಟೆ ತಡವಾದಾಗ, ಎರಡೂವರೆಯಿಂದ ಐದು ಗಂಟೆಯದಾದರೆ ಮೂರು ಗಂಟೆ ತಡವಾದಾಗ, ಅದಕ್ಕೂ ಹೆಚ್ಚಿನದಾದರೆ ನಾಲ್ಕು ಗಂಟೆ ತಡವಾದಾಗ. ಬೆಂಗಳೂರು–ದೆಹಲಿ ಗಾಳಿಯಲ್ಲಿ ಇರುವುದು ಎರಡೂವರೆ ಗಂಟೆಗಿಂತ ಕಡಿಮೆಯಾದರೂ ವೇಳಾಪಟ್ಟಿಯ ಅವಧಿ ಆ ಗೆರೆಯನ್ನು ದಾಟುವುದರಿಂದ ಪ್ರಯಾಣಿಕ ಇನ್ನೊಂದು ಗಂಟೆ ಹೆಚ್ಚು ಕಾಯಬೇಕು. ನಿಮಿಷ ಸೇರಿಸುವುದು ಈ ಉದ್ದೇಶಕ್ಕೆಂದು ನಾನು ಹೇಳುತ್ತಿಲ್ಲ. ಪರಿಣಾಮ ಹೀಗಿದೆ ಎಂಬುದಷ್ಟೇ ಮಾತು. ಸಕಾಲಿಕತೆಯ ಶೇಕಡಾವಾರನ್ನು ತಿಂಗಳು ತಿಂಗಳು ಪ್ರಕಟಿಸುವ ಮಹಾನಿರ್ದೇಶನಾಲಯ, ಅದರ ಪಕ್ಕದಲ್ಲೇ ಪ್ರತಿ ಮಾರ್ಗದ ನಿಗದಿತ ಅವಧಿ ಎಷ್ಟು, ನಿಜವಾಗಿ ತಗುಲಿದ ಸರಾಸರಿ ಅವಧಿ ಎಷ್ಟು ಎಂಬುದನ್ನೂ ಮುದ್ರಿಸಿದರೆ ಶೇಕಡಾವಾರಿಗೆ ಅರ್ಥ ಬರುತ್ತದೆ.

ಅಲ್ಲಿಯವರೆಗೆ ಪ್ರಯಾಣಿಕರೇ ಮಾಡಿಕೊಳ್ಳಬಹುದಾದ ಕೆಲಸವೊಂದಿದೆ. ವಿಮಾನಗಳ ಜಾಡು ತೋರಿಸುವ ಆ್ಯಪ್‌ಗಳಲ್ಲಿ ವಿಮಾನದ ಸಂಖ್ಯೆಯನ್ನು ಕೊಟ್ಟರೆ ಹಿಂದಿನ ಕೆಲವು ದಿನ ಅದು ಎಷ್ಟು ಹೊತ್ತಿಗೆ ಕದಲಿತು, ಯಾವ ದಾರಿಯಲ್ಲಿ ಹೋಯಿತು, ಎಷ್ಟು ಹೊತ್ತಿಗೆ ತಲುಪಿತು ಎಂಬುದು ಸಿಗುತ್ತದೆ. ಎರಡೂ ಕಡೆಯ ಸಮಯ ಸ್ಥಳೀಯ ಗಡಿಯಾರದ್ದೆಂಬುದನ್ನು ಮರೆಯಬಾರದು: ಬೆಂಗಳೂರಿನಲ್ಲಿ ನಾಲ್ಕಕ್ಕೆ ಹೊರಟು ದುಬೈನಲ್ಲಿ ಆರೂವರೆಗೆ ಇಳಿದವರು ಪಯಣಿಸಿದ್ದು ನಾಲ್ಕು ಗಂಟೆ, ಏಕೆಂದರೆ ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದಿದೆ. ಕ್ಯಾಲಿಫೋರ್ನಿಯಾದ ಮಗನ ಮನೆಗೆ ಹೊರಟ ತಂದೆತಾಯಿಗಳಿಗೆ ಈ ವ್ಯತ್ಯಾಸ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ದೆಹಲಿಯಲ್ಲೋ ಕೊಲ್ಲಿಯಲ್ಲೋ ವಿಮಾನ ಬದಲಿಸುವವರು ಮಧ್ಯದ ಬಿಡುವನ್ನು ವೇಳಾಪಟ್ಟಿಯ ಸಮಯದಿಂದ ಲೆಕ್ಕ ಹಾಕುವುದಕ್ಕಿಂತ, ಆ ವಿಮಾನ ಹಿಂದಿನ ವಾರ ಅತಿ ತಡವಾಗಿ ತಲುಪಿದ ದಿನದ ಸಮಯದಿಂದ ಲೆಕ್ಕ ಹಾಕುವುದು ಕ್ಷೇಮ. ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡವರಿಗಂತೂ ಇದು ಅನಿವಾರ್ಯ, ಏಕೆಂದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಆ ನಷ್ಟವನ್ನು ಸಾಮಾನ್ಯವಾಗಿ ಪ್ರಯಾಣಿಕರೇ ಭರಿಸಬೇಕಾಗುತ್ತದೆ.